ರಾಹುವನ್ನೂ ನೆರಳನ್ನೂ ಒಂದೇ ಜಗಲಿಯಲ್ಲಿ ಕೂರಿಸುವುದು ಹೇಗೆ

2025ರ ಸೆಪ್ಟೆಂಬರ್ 7, ಭಾನುವಾರ. ರಾತ್ರಿ ಚಂದ್ರಗ್ರಹಣ. ಅತ್ತೆ ಮಧ್ಯಾಹ್ನದ ಹೊತ್ತಿಗೇ ಉಪ್ಪಿನಕಾಯಿ ಭರಣಿ, ಹಾಲಿನ ಪಾತ್ರೆ, ಕುಡಿಯುವ ನೀರಿನ ಕೊಡಪಾನ ಎಲ್ಲದರ ಮೇಲೂ ಒಂದೊಂದು ದರ್ಭೆ ಇಟ್ಟು ಬಂದರು. ಮೈದುನನ ಮಗಳಿಗೆ ಒಂಬತ್ತು ವರ್ಷ. ಅಜ್ಜಿಯ ಸೆರಗು ಹಿಡಿದು ಹಿಂದೆಯೇ ತಿರುಗುತ್ತಿದ್ದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ದೊಡ್ಡಮ್ಮ, ರಾಹು ಚಂದ್ರನ್ನ ನುಂಗ್ತಾನೆ ಅಂತ ಅಜ್ಜಿ ಹೇಳಿದ್ರು. ಸ್ಕೂಲಲ್ಲಿ ನೆರಳು ಅಂತಾರೆ. ಇಬ್ಬರಲ್ಲಿ ಸುಳ್ಳು ಹೇಳ್ತಿರೋದು ಯಾರು?"

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ನನಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಆ ಉತ್ತರವನ್ನು ಅತ್ತೆಯ ಮುಖಕ್ಕೇ ಹೇಳಿದ್ದೆ ಕೂಡ. "ಅದೆಲ್ಲ ಕಟ್ಟುಕಥೆ" ಅಂತ. ಪರಿಣಾಮ ಏನಾಯಿತು? ಅತ್ತೆ ದರ್ಭೆ ಇಡುವುದನ್ನೇನೂ ಬಿಡಲಿಲ್ಲ. ನನ್ನ ಜೊತೆ ಗ್ರಹಣದ ಮಾತಾಡುವುದನ್ನು ಬಿಟ್ಟರು, ಅಷ್ಟೆ.

ನನ್ನ ಸಿಟ್ಟಿಗೂ ಒಂದು ಕಾರಣ ಇತ್ತು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ದಾರಿ ಕಾರವಾರದ ಕರಾವಳಿಯಿಂದ ಹುಬ್ಬಳ್ಳಿ ಮೇಲೆ ಹಾದು ರಾಯಚೂರು ಕಡೆ ಹೋಗಿತ್ತು. ವಿಜ್ಞಾನಿಗಳು ದೂರದಿಂದ ಬಂದು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿದ್ದರು. ನಾನು ಹುಬ್ಬಳ್ಳಿಯಲ್ಲೇ ಇದ್ದೆ. ಚಿಕ್ಕಮ್ಮನ ಮನೆಯಲ್ಲಿ, ಕಿಟಕಿಗೆಲ್ಲ ಕಂಬಳಿ ಕಟ್ಟಿದ ಕೋಣೆಯೊಳಗೆ. ಬಾಗಿಲ ಸಂದಿಯ ಬೆಳಕು ನಿಧಾನಕ್ಕೆ ಬಾಡಿ, ಆರಿ, ಮತ್ತೆ ಬಂದಿದ್ದನ್ನು ನೋಡಿದೆ. ನಾನು ಕಂಡ ಪೂರ್ಣ ಸೂರ್ಯಗ್ರಹಣ ಅಂದರೆ ಅಷ್ಟೇ.

ಈಗ ಬೇರೆ ರೀತಿ ಮಾಡುತ್ತೇನೆ. ಮನೆಯಲ್ಲಿ ಒಬ್ಬರು ಅಜ್ಜಿ, ಒಂದು ಮಗು, ಒಂದು ಪಂಚಾಂಗ ಇದ್ದರೆ ನೀವೂ ಮಾಡಬಹುದು. ಬೇಕಾಗಿದ್ದು ಇಷ್ಟು: ಜುಟ್ಟು ಬಿಟ್ಟು ಸುಲಿದ ಒಂದು ತೆಂಗಿನಕಾಯಿ, ಒಂದು ಚಿಕ್ಕ ನಿಂಬೆಹಣ್ಣು, ಎರಡು ಕಸೂತಿ ರಿಂಗು, ಕಪ್ಪು ಮತ್ತು ಕೆಂಪು ದಾರ, ಅಡಿಗೆಮನೆಯ ತಟ್ಟೆಗಳು. ಮತ್ತೆ ಒಂದು ವಾರದ ಬಿಡುವು. ಗ್ರಹಣದ ರಾತ್ರಿಯೇ ಶುರು ಮಾಡಿದರೆ ಕೆಡುತ್ತದೆ. ಆ ಹೊತ್ತಿಗೆ ಅಜ್ಜಿಗೆ ಜಪ, ಮಗುವಿಗೆ ನಿದ್ದೆ.

ಮೊದಲು ಪಂಚಾಂಗ ತೆಗೆಯಿರಿ

ವಿಜ್ಞಾನದ ಪುಸ್ತಕದಿಂದ ಶುರು ಮಾಡಬೇಡಿ. ಪಂಚಾಂಗವನ್ನು ಅಜ್ಜಿಯ ಕೈಗೇ ಕೊಟ್ಟು, ಗ್ರಹಣದ ಸಾಲನ್ನು ಅವರಿಂದಲೇ ಓದಿಸಿ. ಸ್ಪರ್ಶ ಇಷ್ಟು ಗಂಟೆಗೆ, ಮಧ್ಯ ಇಷ್ಟಕ್ಕೆ, ಮೋಕ್ಷ ಇಷ್ಟಕ್ಕೆ ಎಂದು ನಿಮಿಷದ ಲೆಕ್ಕದಲ್ಲಿ ಇರುತ್ತದೆ. ಸೆಪ್ಟೆಂಬರಿನದು ರಾತ್ರಿ 9:57ಕ್ಕೆ ಸ್ಪರ್ಶ, 1:26ಕ್ಕೆ ಮೋಕ್ಷ. ಪಕ್ಕದಲ್ಲೇ "ರಾಹುಗ್ರಸ್ತ ಚಂದ್ರಗ್ರಹಣ" ಎಂದೂ ಇರುತ್ತದೆ.

ಈಗ ಮಗುವಿಗೆ ಒಂದೇ ಪ್ರಶ್ನೆ ಕೇಳಿ: ರಾಹು ಎಷ್ಟು ಹೊತ್ತಿಗೆ ಬರುತ್ತಾನೆ ಎಂದು ಒಂದು ವರ್ಷ ಮುಂಚೆಯೇ ಬರೆದವರಿಗೆ ಹೇಗೆ ಗೊತ್ತಾಯಿತು?

ನಮ್ಮ ಪುಟ್ಟಿ ಅಜ್ಜಿಯ ಮುಖ ನೋಡಿದಳು. ಅತ್ತೆ, "ಲೆಕ್ಕ ಹಾಕ್ತಾರೆ ಮಗಾ" ಅಂದರು. ಅಲ್ಲಿಗೆ ಅರ್ಧ ಕೆಲಸ ಆಯಿತು. ಲೆಕ್ಕ ಮತ್ತು ರಾಹು ಒಂದೇ ಪುಟದಲ್ಲಿ ಇದ್ದಾರೆ ಎಂದು ಹೇಳಿದ್ದು ನಾನಲ್ಲ, ಅತ್ತೆಯೇ.

ಇಲ್ಲಿ ಇನ್ನೊಂದು ಮಾತು. ಆ ಲೆಕ್ಕ ಬೇಕಾಗಿದ್ದಾದರೂ ಯಾರಿಗೆ? ನಮ್ಮ ಶಾಸನಗಳನ್ನು ನೋಡಿ. ಗ್ರಹಣದ ನಿಮಿತ್ತ ದೇವಸ್ಥಾನಕ್ಕೆ ಭೂಮಿ ಬಿಟ್ಟ ಕಲ್ಲುಗಳು ಕರ್ನಾಟಕದ ತುಂಬ ಇವೆ. ದಾನ ಕೊಡುವ ರಾಜನಿಗೆ ಗ್ರಹಣ ಯಾವಾಗ ಎಂದು ಮೊದಲೇ ತಿಳಿಯಬೇಕು. ಡಮಾಸ್ಕಸ್ಸಿನ ದೊಡ್ಡ ಮಸೀದಿಯಲ್ಲಿ ನಮಾಜಿನ ಹೊತ್ತು ಗೊತ್ತುಮಾಡುವ ಕೆಲಸಕ್ಕಿದ್ದ ಇಬ್ನ್ ಅಲ್ ಶಾತಿರ್ 14ನೇ ಶತಮಾನದಲ್ಲಿ ಚಂದ್ರನ ಚಲನೆಗೆ ಹಳೆಯ ಗ್ರೀಕ್ ಖಗೋಳಜ್ಞ ಟಾಲೆಮಿಗಿಂತ ಒಳ್ಳೆಯ ಮಾದರಿ ಕಟ್ಟಿದ. ರೋಮಿನ ಚರ್ಚಿಗೆ ಈಸ್ಟರ್ ಹಬ್ಬದ ದಿನ ಸರಿಯಾಗಿ ಬೇಕಿತ್ತು, ಅದಕ್ಕೇ 1582ರಲ್ಲಿ ಕ್ಯಾಲೆಂಡರನ್ನೇ ತಿದ್ದಿತು. ಖಗೋಳಕ್ಕೆ ಬಹಳ ಕಾಲ ಕಾಯಂ ಗಿರಾಕಿ ಅಂದರೆ ಭಕ್ತಿಯೇ. ಗಿರಾಕಿಯನ್ನು ಬೈದು ಅಂಗಡಿ ನಡೆಸೋಕಾಗುತ್ತಾ?

ರಾಹುವನ್ನು ರಿಂಗಿನಲ್ಲಿ ಹುಡುಕುವುದು

ಇದು ನನಗೆ ತುಂಬ ಇಷ್ಟವಾದ ಭಾಗ. ಆತುರ ಮಾಡಬೇಡಿ.

ಎರಡು ಕಸೂತಿ ರಿಂಗು ತಗೊಳ್ಳಿ. ದೊಡ್ಡದು 20 ಸೆಂಟಿಮೀಟರ್ ಅಗಲದ್ದಿರಲಿ, ಇನ್ನೊಂದು ಅದರೊಳಗೆ ಕೂರುವಷ್ಟು ಚಿಕ್ಕದಿರಲಿ. ದೊಡ್ಡದು ಆಕಾಶದಲ್ಲಿ ಸೂರ್ಯನ ದಾರಿ. ಚಿಕ್ಕದು ಚಂದ್ರನ ದಾರಿ. ನಡುವೆ ನಾವು. ಚಿಕ್ಕ ರಿಂಗನ್ನು ಸ್ವಲ್ಪವೇ ಓರೆ ಮಾಡಿ. 5 ಡಿಗ್ರಿ ಸಾಕು, ಅಂದರೆ ಅತಿ ಹೆಚ್ಚು ದೂರ ಇರುವ ಕಡೆ ಎರಡಕ್ಕೂ 9 ಮಿಲಿಮೀಟರ್ ಅಂತರ. ಮಕ್ಕಳು ಜಾಸ್ತಿ ಓರೆ ಮಾಡಿಬಿಡುತ್ತಾರೆ. ಸ್ಕೇಲ್ ಇಟ್ಟು ಸರಿ ಮಾಡಿಸಿ.

ಈಗ ಎರಡು ದಾರಿಯೂ ಒಂದನ್ನೊಂದು ದಾಟುವ ಜಾಗ ಎಲ್ಲೆಲ್ಲಿ? ಎರಡೇ ಕಡೆ. ಒಂದಕ್ಕೆ ಕಪ್ಪು ದಾರ ಕಟ್ಟಿ, ಇನ್ನೊಂದಕ್ಕೆ ಕೆಂಪು. ಚಂದ್ರ ತೆಂಕಣದಿಂದ ಬಡಗಣಕ್ಕೆ ದಾಟುವ ಗಂಟು ರಾಹು. ಬಡಗಣದಿಂದ ತೆಂಕಣಕ್ಕೆ ಇಳಿಯುವ ಗಂಟು ಕೇತು. ಹುಣ್ಣಿಮೆಯ ಚಂದ್ರ ಈ ಗಂಟುಗಳ ಹತ್ತಿರ ಇದ್ದರೆ ಮಾತ್ರ ನೆರಳಿಗೆ ಸಿಗುತ್ತಾನೆ. ಇಲ್ಲದಿದ್ದರೆ ಮೇಲಿಂದಲೋ ಕೆಳಗಿಂದಲೋ ತಪ್ಪಿಸಿಕೊಂಡು ಹೋಗುತ್ತಾನೆ. ಪ್ರತಿ ಹುಣ್ಣಿಮೆಗೂ ಯಾಕೆ ಗ್ರಹಣ ಇಲ್ಲ ಎಂಬುದಕ್ಕೆ ಇಷ್ಟೇ ಉತ್ತರ.

ಆಮೇಲೆ ಯಾರದಾದರೂ ಜಾತಕ ತೆಗೆಸಿ. ಯಾರದಾದರೂ ಸರಿ. ರಾಹು ಎಲ್ಲಿದ್ದಾನೆ, ಕೇತು ಎಲ್ಲಿದ್ದಾನೆ ನೋಡಿ, ಮನೆ ಎಣಿಸಿ. ಯಾವಾಗಲೂ ಏಳನೇ ಮನೆ, ಎದುರುಬದುರು. ನಾವು ಅವತ್ತು ಮನೆಯ ಒಂಬತ್ತು ಜಾತಕ ತೆಗೆದೆವು, ಒಂದೂ ತಪ್ಪಲಿಲ್ಲ. ಪುಟ್ಟಿ ರಿಂಗು ನೋಡಿದಳು, ಜಾತಕ ನೋಡಿದಳು, "ಎದುರುಬದುರೇ ಇರಬೇಕಲ್ವಾ, ರಿಂಗಲ್ವಾ!" ಅಂತ ಕೂಗಿದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಎಣಿಸಿದರು.

ಇನ್ನೂ ಒಂದಿದೆ. ಬೇರೆ ಗ್ರಹಗಳು ಮೇಷದಿಂದ ವೃಷಭಕ್ಕೆ ಮುಂದೆ ಮುಂದೆ ಹೋದರೆ, ರಾಹು ಹಿಂದೆ ಹಿಂದೆ ಬರುತ್ತಾನೆ. 2025ರ ಮೇ ತಿಂಗಳಲ್ಲಿ ಮೀನದಿಂದ ಕುಂಭಕ್ಕೆ ಬಂದ. ಒಂದು ರಾಶಿಗೆ ಸುಮಾರು ಒಂದೂವರೆ ವರ್ಷ. ಚಿಕ್ಕ ರಿಂಗನ್ನು ಓರೆ ಕೆಡದಂತೆ ಮೆಲ್ಲಗೆ ಹಿಮ್ಮುಖವಾಗಿ ತಿರುಗಿಸಿ. ಗಂಟುಗಳೂ ಹಿಂದಕ್ಕೆ ಸರಿಯುತ್ತವೆ. ಆಕಾಶದಲ್ಲಿ ಈ ಒಂದು ಸುತ್ತಿಗೆ 18.6 ವರ್ಷ. ಹನ್ನೆರಡರಿಂದ ಭಾಗಿಸಿದರೆ ಒಂದೂವರೆ ವರ್ಷದ ಮೇಲೆ ಚೂರು. ಟೀವಿಯಲ್ಲಿ "ರಾಹು ಬದಲಾವಣೆ, ಈ ರಾಶಿಯವರು ಎಚ್ಚರ" ಎಂದು ಕೂಗುತ್ತಾರಲ್ಲ, ಆ ಬದಲಾವಣೆ ಇದೇ. ಎಚ್ಚರದ ವಿಷಯ ನನಗೆ ಬೇಡ. ಬದಲಾವಣೆ ಮಾತ್ರ ನಿಜ.

ತೆಂಗಿನಕಾಯಿ, ನಿಂಬೆಹಣ್ಣು, ಸಂಜೆ ಬಿಸಿಲು

ತೆಂಗಿನಕಾಯಿ 12 ಸೆಂಟಿಮೀಟರ್ ಅಗಲದ್ದಾದರೆ ನಿಂಬೆಹಣ್ಣು 3.3 ಸೆಂಟಿಮೀಟರಿನದು ಬೇಕು. ಭೂಮಿಗೂ ಚಂದ್ರನಿಗೂ ಇರುವ ಅಳತೆ ಅದೇ. ಎರಡನ್ನೂ ಎಷ್ಟು ದೂರ ಇಡಬೇಕು ಎಂದು ಮೊದಲು ಮಗುವನ್ನೇ ಕೇಳಿ. ಎಲ್ಲರೂ ಒಂದು ಗೇಣು ದೂರ ಇಡುತ್ತಾರೆ, ಪಠ್ಯಪುಸ್ತಕದ ಚಿತ್ರ ನೋಡಿದ ಅಭ್ಯಾಸ. ನಿಜವಾದ ದೂರ 3.6 ಮೀಟರ್. ಸುಮಾರು ಹನ್ನೆರಡು ಅಡಿ, ನಮ್ಮ ಜಗಲಿಯ ಈ ಕಂಬದಿಂದ ಆ ಕಂಬಕ್ಕೆ.

ಸೂರ್ಯನಿಗೆ ಬಲ್ಬು ಹುಡುಕಬೇಡಿ. ಸೂರ್ಯನನ್ನೇ ಬಳಸಿ. ಸಂಜೆ ಬಿಸಿಲು ಓರೆಯಾದಾಗ ತೆಂಗಿನಕಾಯಿಯನ್ನು ಒಂದು ಕೋಲಿನ ತುದಿಗೆ ಕಟ್ಟಿ ನಿಲ್ಲಿಸಿ. ಹನ್ನೆರಡು ಅಡಿ ಹಿಂದೆ, ಅದರ ನೆರಳು ಬೀಳುವ ಕಡೆ, ನಿಂಬೆಹಣ್ಣನ್ನು ಕಡ್ಡಿಗೆ ಚುಚ್ಚಿ ಹಿಡಿಯಿರಿ. ಬಿಸಿಲಲ್ಲಿ ಹಳದಿ ಹೊಳೆಯುವ ನಿಂಬೆ ನೆರಳಿನೊಳಗೆ ಜಾರಿ ಮಂಕಾಗುತ್ತದೆ. ಇದು ಚಂದ್ರಗ್ರಹಣ, ಸರಿಯಾದ ಅಳತೆಯಲ್ಲಿ. ಈಗ ತಿರುಗುಮುರುಗು ಮಾಡಿ, ನಿಂಬೆಯ ನೆರಳನ್ನು ತೆಂಗಿನಕಾಯಿ ಮೇಲೆ ಬೀಳಿಸಿ. ಕಷ್ಟ. ನಿಂಬೆಯ ಕಡುನೆರಳು ಅಲ್ಲಿಗೆ ತಲುಪುವ ಹೊತ್ತಿಗೆ ಮೊನೆಯಾಗಿ ಮುಗಿದೇಹೋಗಿರುತ್ತದೆ. ಪೂರ್ಣ ಸೂರ್ಯಗ್ರಹಣ ಒಂದು ಸಣ್ಣ ಪಟ್ಟಿಯಲ್ಲಿ ಮಾತ್ರ ಯಾಕೆ, 1980ರಲ್ಲಿ ನಾನು ಕಳೆದುಕೊಂಡಿದ್ದು ಎಷ್ಟು ಅಪರೂಪದ್ದು, ಎಲ್ಲ ಆ ಮೊನೆಯಲ್ಲಿದೆ. ಮಗು ಯಾವ ಕಾರಣಕ್ಕೂ ಸೂರ್ಯನ ಕಡೆ ಕಣ್ಣು ಹಾಯಿಸದಂತೆ ನೋಡಿಕೊಳ್ಳಿ. ಬೆನ್ನು ಬಿಸಿಲಿಗೆ, ಮುಖ ನೆರಳಿಗೆ.

ಸುಮಾರು 1,500 ವರ್ಷದ ಹಿಂದೆ, 499ರಲ್ಲಿ, ತನಗೆ 23 ವರ್ಷವಾದಾಗ ಆರ್ಯಭಟ ಬರೆದ ಸಾಲನ್ನು ಈಗ ಹೇಳಿ: ಸೂರ್ಯನನ್ನು ಚಂದ್ರ ಮುಚ್ಚುತ್ತಾನೆ, ಚಂದ್ರನನ್ನು ಭೂಮಿಯ ದೊಡ್ಡ ನೆರಳು ಮುಚ್ಚುತ್ತದೆ. ಅದೇ ಪುಸ್ತಕ ಶುರುವಾಗುವುದು ಬ್ರಹ್ಮನಿಗೆ ನಮಸ್ಕಾರದಿಂದ. ಎರಡನ್ನೂ ಹೇಳಿ. ಒಂದನ್ನು ನುಂಗಬೇಡಿ.

ರಾಹುವಿಗೆ ಮಣೆ ಹಾಕಿದವರು

ಇಷ್ಟಾದ ಮೇಲೆ ಅತ್ತೆ ಕೇಳಿಯೇ ಕೇಳಿದರು. "ಹಾಗಾದ್ರೆ ರಾಹು ಇಲ್ಲ ಅಂತೀಯಾ?"

ಇಲ್ಲಿ ನೀವು ಉತ್ತರ ಕೊಡಬೇಡಿ. ಹಳಬರನ್ನು ಮುಂದೆ ಬಿಡಿ.

ವರಾಹಮಿಹಿರ 6ನೇ ಶತಮಾನದವನು. ಬೃಹತ್ಸಂಹಿತೆಯಲ್ಲಿ ಅವನು ನೇರವಾಗಿ, ಗ್ರಹಣಕ್ಕೆ ರಾಹು ಕಾರಣ ಅಲ್ಲ ಎಂದ. ಜೊತೆಗೆ, ಗ್ರಹಣದ ಹೊತ್ತಿನಲ್ಲಿ ಕೊಟ್ಟ ದಾನ, ಮಾಡಿದ ಹೋಮ ಇವುಗಳ ಪಾಲು ನಿನಗೆ ಸಿಗಲಿ ಎಂದು ಬ್ರಹ್ಮ ರಾಹುವಿಗೆ ವರ ಕೊಟ್ಟಿದ್ದಾನೆ, ಅದಕ್ಕೇ ಆಗ ಅವನು ಅಲ್ಲಿರುತ್ತಾನೆ ಎಂದೂ ಬರೆದ. ಅಂದರೆ ರಾಹುವಿನ ಕೈಯಿಂದ ಕೆಲಸ ಕಿತ್ತುಕೊಂಡು, ಕೂರಲು ಮಣೆ ಹಾಕಿದ. ಊಟಕ್ಕೆ ಬಂದ ನೆಂಟ, ಅಡಿಗೆಯವನಲ್ಲ.

ಬ್ರಹ್ಮಗುಪ್ತನ ಕಥೆ ಇನ್ನೂ ವಿಚಿತ್ರ. 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತ ಬರೆದವನು. ಗ್ರಹಣದ ಲೆಕ್ಕ ಮಾಡುವಾಗ ಪೂರ್ತಿ ನೆರಳಿನದೇ ಲೆಕ್ಕ. ಆದರೆ ರಾಹು ಕಾರಣವಲ್ಲ ಎಂದ ಆರ್ಯಭಟ, ವರಾಹಮಿಹಿರರ ಮೇಲೆ ಹರಿಹಾಯುತ್ತಾನೆ. ವೇದಕ್ಕೆ, ಸ್ಮೃತಿಗೆ ವಿರುದ್ಧ ಮಾತಾಡ್ತೀರಾ ಅಂತ. ಸುಮಾರು 400 ವರ್ಷದ ಮೇಲೆ ಮಧ್ಯ ಏಷ್ಯಾದ ವಿದ್ವಾಂಸ ಅಲ್ ಬಿರೂನಿ ಇದನ್ನು ಓದಿ ತಲೆ ಕೆರೆದುಕೊಂಡ. ಇಷ್ಟು ಬುದ್ಧಿವಂತ ಯಾಕೆ ಹೀಗೆ ಬರೆದ? ವಿಷ ಕುಡಿದು ಸಾಯಬೇಕಾದ ಸಾಕ್ರಟೀಸನಿಗೆ ಬಂದ ಗತಿ ತನಗೂ ಬಂದೀತೆಂಬ ಅಳುಕೇನೋ ಎಂದು ಊಹಿಸಿದ. ನನಗೆ ಆ ಊಹೆ ಪೂರ್ತಿ ಒಪ್ಪಿಗೆಯಿಲ್ಲ. ಬೆಳಿಗ್ಗೆ ಪೂಜೆ ಮಾಡಿ, ಹತ್ತಕ್ಕೆ ಲ್ಯಾಬಿಗೆ ಹೋಗಿ, ಎರಡರಲ್ಲೂ ಸುಳ್ಳಾಡದವರನ್ನು ನಾನು ನೋಡಿದ್ದೇನೆ. ಅವರಿಗೆ ಯಾರ ಹೆದರಿಕೆಯೂ ಇಲ್ಲ.

ಅತ್ತೆಗೆ ಹಿಡಿಸಿದ್ದು ವರಾಹಮಿಹಿರನ ಮಾತು. "ಅದಕ್ಕೇ ದಾನ ಕೊಡೋದು" ಅಂದು ಎದ್ದು ಒಳಗೆ ಹೋದರು.

ಉಸಿರು ಎಣಿಸುವುದು

ಇದಕ್ಕೆ ಹಗಲು ಬೇಕು, ಹೆಂಚಿನ ಮಾಡಿನಲ್ಲಿ ಒಂದು ಸಣ್ಣ ತೂತು ಬೇಕು. ತಾರಸಿ ಮನೆಯಾದರೆ ಕಿಟಕಿಗೆ ರಟ್ಟು ಹಚ್ಚಿ, ಅದಕ್ಕೆ ಪೆನ್ಸಿಲ್ ತುದಿಯಷ್ಟು ತೂತು ಮಾಡಿ. ನೆಲದ ಮೇಲೆ ಬೀಳುವ ದುಂಡನೆ ಬೆಳಕು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. 3 ಮೀಟರಿಗಿಂತ ತುಸು ಮೇಲಿನಿಂದ ಬಿದ್ದರೆ ಬಿಂಬದ ಅಗಲ 3 ಸೆಂಟಿಮೀಟರ್. ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆಯಿರಿ. ಮಗು ಸುಮ್ನೆ ಕೂತು ತನ್ನ ಉಸಿರು ಎಣಿಸಲಿ. ಬೆಳಕು ಆ ಗೆರೆಯಿಂದ ಪೂರ್ತಿ ಹೊರಗೆ ಸರಿಯುವ ಹೊತ್ತಿಗೆ ಎರಡು ನಿಮಿಷ. ಸಾವಧಾನದ ಉಸಿರಾದರೆ ಹತ್ತಿರ ಹತ್ತಿರ ಮೂವತ್ತು. ಮಕ್ಕಳ ಉಸಿರು ಚುರುಕು, ಪುಟ್ಟಿಗೆ ನಲವತ್ತು ದಾಟಿತು. ಅತ್ತೆಯದು ಮೂವತ್ತೊಂದು!

ಈಗ ಅತ್ತೆಯ ಮನೆಯ ಲೆಕ್ಕ. ನಾವು ಮಾಧ್ವರು. ಮುಖ್ಯಪ್ರಾಣ ನಮ್ಮೊಳಗೆ ದಿನಕ್ಕೆ 21,600 ಸಲ ಹಂಸಮಂತ್ರ ಜಪಿಸುತ್ತಾನೆ, ಒಂದು ಉಸಿರಿಗೆ ಒಂದು ಎಂದು ಹಿರಿಯರು ಹೇಳುತ್ತಾರೆ. ದಿನದ 86,400 ಸೆಕೆಂಡನ್ನು 21,600ರಿಂದ ಭಾಗಿಸಿದರೆ ಉಸಿರಿಗೆ ನಾಲ್ಕು ಸೆಕೆಂಡು. ಒಂದು ಪೂರ್ತಿ ಸುತ್ತಿಗೆ 360 ಡಿಗ್ರಿ, ಡಿಗ್ರಿಗೆ 60 ಕಲೆ. ಗುಣಿಸಿದರೆ ಅದೂ 21,600. ಆರ್ಯಭಟನ ಮಾತು ಇದೇ: ಒಂದು ಪ್ರಾಣದ ಹೊತ್ತಿನಲ್ಲಿ ಭೂಮಿ ಒಂದು ಕಲೆ ತಿರುಗುತ್ತದೆ. ಒಂದು ಉಸಿರು, ಒಂದು ಕಲೆ. ಸೂರ್ಯನ ಅಗಲ ಸುಮಾರು 32 ಕಲೆ. ಅತ್ತೆಯ ಮೂವತ್ತೊಂದು ಉಸಿರು ಎಲ್ಲಿಂದ ಬಂತು ಗೊತ್ತಾಯಿತಲ್ಲ.

ಭೂಮಿ ತಿರುಗುತ್ತದೆ ಎಂಬ ಆ ಮಾತು ನಂತರದವರ ಗಂಟಲಲ್ಲಿ ಸಿಕ್ಕಿಕೊಂಡಿತು. ಶ್ಲೋಕದಲ್ಲಿ ಇದ್ದದ್ದು "ಭೂಃ", ಭೂಮಿ. ಆಮೇಲಿನ ವ್ಯಾಖ್ಯಾನಕಾರರ ಪಾಠದಲ್ಲಿ ಅದು "ಭಂ" ಆಯಿತು, ನಕ್ಷತ್ರಮಂಡಲ. ಒಂದೇ ಅಕ್ಷರ ಬದಲಾಗಿ ಭೂಮಿ ನಿಂತುಬಿಟ್ಟಿತು! ಬ್ರಹ್ಮಗುಪ್ತ ಟೀಕೆ ಮಾಡಲೆಂದೇ ಹಳೆಯ ಪಾಠವನ್ನು ಎತ್ತಿ ಬರೆದಿದ್ದರಿಂದ ಅದು ಉಳಿಯಿತು. ಬೈದವನೇ ಕಾಪಾಡಿದ ಹಾಗೆ.

ಇದನ್ನು ಕೇಳಿದ ಕೂಡಲೇ "ನೋಡಿ, ಧರ್ಮ ವಿಜ್ಞಾನವನ್ನು ತುಳಿಯಿತು" ಎಂದು ಮಗುವಿಗೆ ಹೇಳಲು ಹೋಗಬೇಡಿ. ವಿರೋಧಿಸಿದವರ ಪ್ರಶ್ನೆಗಳನ್ನೂ ಹೇಳಿ. ವರಾಹಮಿಹಿರ ಕೇಳಿದ್ದು: ಭೂಮಿ ತಿರುಗಿದರೆ ಹಾರಿಹೋದ ಹಕ್ಕಿ ಮತ್ತೆ ತನ್ನ ಗೂಡಿಗೆ ಹೇಗೆ ಬರುತ್ತದೆ? ಬ್ರಹ್ಮಗುಪ್ತ ಕೇಳಿದ್ದು: ಎತ್ತರದ ವಸ್ತುಗಳು ಯಾಕೆ ಉರುಳುವುದಿಲ್ಲ? ಇವು ಶಾಸ್ತ್ರದ ಪ್ರಶ್ನೆಗಳಲ್ಲ, ಕಣ್ಣಿಗೆ ಕಂಡಿದ್ದರ ಪ್ರಶ್ನೆಗಳು. ಇದಕ್ಕೆ ಸರಿಯಾದ ಉತ್ತರ ಬರಲು ಗೆಲಿಲಿಯೋ ಕಾಲದವರೆಗೆ ಕಾಯಬೇಕಾಯಿತು. ಓಡುವ ಬಸ್ಸಿನೊಳಗೆ ನಾಣ್ಯ ಚಿಮ್ಮಿದರೆ ಅದು ಕೈಗೇ ವಾಪಸ್ ಬೀಳುತ್ತದೆ. ನಮ್ಮ ಪುಟ್ಟಿ ಅದನ್ನು ಬಸ್ಸಿನಲ್ಲಿ ಮಾಡಿ ನೋಡಿದಳು. ಕಂಡಕ್ಟರು ಚಿಲ್ಲರೆ ಬಿತ್ತೆಂದು ಬಗ್ಗಿ ಹುಡುಕಿದರು.

ಹೆಂಚಿನ ತೂತಿನ ವಿಷಯ ಬಂತಲ್ಲ, ಒಂದು ಚರ್ಚಿನ ಮಾತು. ಇಟಲಿಯ ಬೊಲೋನ್ಯದಲ್ಲಿ ಸ್ಯಾನ್ ಪೆಟ್ರೋನಿಯೋ ಎಂಬ ದೊಡ್ಡ ಚರ್ಚಿದೆ. ಗೆಲಿಲಿಯೋಗೆ ಚರ್ಚಿನ ನ್ಯಾಯಾಲಯ ಶಿಕ್ಷೆ ಕೊಟ್ಟಿದ್ದು 1633ರಲ್ಲಿ. ಅದಾಗಿ 22 ವರ್ಷಕ್ಕೆ, 1655ರಲ್ಲಿ, ಪೋಪರ ಆಳ್ವಿಕೆಯದೇ ಆದ ಆ ಊರಲ್ಲಿ ಕ್ಯಾಸಿನಿ ಎಂಬ ಖಗೋಳಜ್ಞ ಚರ್ಚಿನ ಮಾಡಿಗೆ ತೂತು ಕೊರೆಸಿ, ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ ಗೆರೆ ಹಾಕಿಸಿದ. ಮಧ್ಯಾಹ್ನ ಆ ಗೆರೆ ದಾಟುವ ಸೂರ್ಯನ ಬಿಂಬ ವರ್ಷದ ಬೇರೆ ಬೇರೆ ಕಾಲದಲ್ಲಿ ಎಷ್ಟು ಚಿಕ್ಕದು, ಎಷ್ಟು ದೊಡ್ಡದು ಎಂದು ಅಳೆದ. ಆ ಅಳತೆ, ಗ್ರಹಗಳ ದಾರಿ ದುಂಡಲ್ಲ, ಅಂಡಾಕಾರ ಎಂದಿದ್ದ ಕೆಪ್ಲರನ ಲೆಕ್ಕದ ಕಡೆಗೇ ವಾಲಿತು. ಪ್ರಾರ್ಥನೆ ನಡೆಯುವ ನೆಲದ ಮೇಲೇ.

ತೆಂಗಿನಕಾಯಿಯ ಜುಟ್ಟು ಮತ್ತು ಮೇರುಪರ್ವತ

ಪುರಾಣದಲ್ಲಿ ಭೂಮಿ ಚಪ್ಪಟೆ, ನಡುವೆ ಮೇರು, ಎತ್ತರ 84,000 ಯೋಜನ. ಸಿದ್ಧಾಂತಿಗಳ, ಅಂದರೆ ಖಗೋಳದ ಲೆಕ್ಕ ಹಾಕುವವರ, ಭೂಮಿ ಗೋಳ. ಆರ್ಯಭಟನ ಪ್ರಕಾರ ಅದರ ಇಡೀ ಅಡ್ಡಳತೆಯೇ 1,050 ಯೋಜನ. ಅದರ ಮೇಲೆ 84,000 ಯೋಜನದ ಬೆಟ್ಟ ಎಲ್ಲಿ ಕೂರಬೇಕು? ಆರ್ಯಭಟ ಮೇರುವನ್ನು ಕೆಡವಲಿಲ್ಲ. ಒಂದು ಯೋಜನಕ್ಕೆ ಇಳಿಸಿ, ಒಯ್ದು ಉತ್ತರ ಧ್ರುವದಲ್ಲಿ ಇಟ್ಟ.

ತೆಂಗಿನಕಾಯಿಯ ಜುಟ್ಟೇ ಮೇರು ಅಂದುಕೊಳ್ಳಿ. ಜುಟ್ಟನ್ನು ಬೆಳಕಿನ ಕಡೆ ಸ್ವಲ್ಪ ಬಾಗಿಸಿ ಕಾಯಿಯನ್ನು ತಿರುಗಿಸಿ. ಎಷ್ಟು ತಿರುಗಿಸಿದರೂ ಜುಟ್ಟಿಗೆ ಕತ್ತಲಿಲ್ಲ. ಆ ಕಡೆ ಬಾಗಿಸಿದರೆ ಬೆಳಕೇ ಇಲ್ಲ. ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ. ನಮ್ಮ ಒಂದು ವರ್ಷ ದೇವತೆಗಳಿಗೆ ಒಂದು ದಿನ ಎಂದು ಎಲ್ಲರ ಮನೆಯಲ್ಲೂ ಹೇಳುತ್ತಾರೆ, ದೇವತೆಗಳು ಇರುವುದು ಮೇರುವಿನಲ್ಲಿ. ಗೋಳದ ಲೆಕ್ಕಕ್ಕೆ ಇದು ಹೊಂದಿಕೊಂಡುಬಿಟ್ಟಿತು.

ಪೂರ್ತಿ ಹೊಂದಲಿಲ್ಲ, ಒಂದು ಎಡವಟ್ಟು ಉಳಿಯಿತು. ಉತ್ತರಾಯಣ ದೇವತೆಗಳ ಹಗಲು ಅನ್ನುತ್ತೇವೆ, ಸೂರ್ಯ ಉತ್ತರಕ್ಕೆ ತಿರುಗಿದ ಕೂಡಲೇ ಶುರು. ಆದರೆ ಜುಟ್ಟಿಗೆ ಬೆಳಕು ಸಿಗುವುದು ಹಗಲು ರಾತ್ರಿ ಸಮ ಆದ ಮೇಲೆ, ಮೂರು ತಿಂಗಳು ತಡವಾಗಿ. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯ ಇದನ್ನು ಗಮನಿಸಿದ. ಮುಚ್ಚಿಡಲಿಲ್ಲ. ಸೂರ್ಯ ಹಗಲಿನ ಕಡೆಗೆ ಮುಖ ತಿರುಗಿಸಿದ ಕೂಡಲೇ ಫಲ ಹೇಳುವ ಸಂಹಿತೆಯವರು ಅದನ್ನು ಹಗಲು ಎಂದು ಕರೆದರು ಎಂದು ಸಮಾಧಾನ ಹೇಳಿದ. ಈತನ ಊರನ್ನು ಕೆಲವರು ನಮ್ಮ ವಿಜಯಪುರ ಅನ್ನುತ್ತಾರೆ, ಕೆಲವರು ಮಹಾರಾಷ್ಟ್ರದ ಚಾಳೀಸ್‌ಗಾಂವ್ ಕಡೆ ಅನ್ನುತ್ತಾರೆ. ಆ ಜಗಳ ಬೇಡ.

ಭಾಸ್ಕರನದೇ ಇನ್ನೊಂದು ಮಾತು ಮಕ್ಕಳಿಗೆ ತುಂಬ ಹಿಡಿಸುತ್ತದೆ. ಭೂಮಿಯನ್ನು ಶೇಷ ಹೊತ್ತಿದ್ದಾನೆ ಅಂದರೆ ಶೇಷನನ್ನು ಹೊತ್ತವರು ಯಾರು? ಅವರನ್ನು? ಹೀಗೆ ಹೋದರೆ ಕೊನೆಯಿಲ್ಲ. ಕೊನೆಯವನು ತನ್ನ ಶಕ್ತಿಯಿಂದ ನಿಂತಿದ್ದಾನೆ ಅನ್ನುವುದಾದರೆ, ಆ ಮಾತನ್ನು ಮೊದಲನೆಯದಾದ ಭೂಮಿಗೇ ಹೇಳಬಾರದೇಕೆ? ಭೂಮಿಯೂ ಅಷ್ಟಮೂರ್ತಿಯಾದ ಶಿವನ ಒಂದು ಮೂರ್ತಿಯೇ ಅಲ್ಲವೇ? ತರ್ಕವನ್ನು ಕೊನೆಯವರೆಗೆ ಎಳೆದು, ಕೊನೆಯ ಗಂಟನ್ನು ಶಿವನ ಹೆಸರಲ್ಲಿ ಹಾಕಿದ. ಭಕ್ತಿ ಇಲ್ಲಿ ತರ್ಕಕ್ಕೆ ಅಡ್ಡ ಬರಲಿಲ್ಲ, ಸಾಕ್ಷಿಯಾಗಿ ಬಂತು.

ಮಾಡಬಾರದ್ದು ಎರಡು

ಒಂದು, ನಮ್ಮವರಿಗೆ ಎಲ್ಲವೂ ಗೊತ್ತಿತ್ತು ಎಂದು ಹೇಳಬೇಡಿ. ವಾಟ್ಸಾಪಿನಲ್ಲಿ ಬರುವುದನ್ನು ಮಗುವಿಗೆ ಉಣಿಸಬೇಡಿ. ಆರ್ಯಭಟನ ಚಂದ್ರ 315 ಯೋಜನ ಅಗಲ, ಭೂಮಿಯ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ನಿಜಕ್ಕೆ ತುಂಬ ಹತ್ತಿರ. ಅದೇ ಪುಸ್ತಕದಲ್ಲಿ ಸೂರ್ಯ 4,410 ಯೋಜನ, ಭೂಮಿಯ ನಾಲ್ಕು ಪಾಲು ಮತ್ತು ಚೂರು. ನಿಜವಾಗಿ ಸೂರ್ಯ 109 ಪಾಲು. ಎರಡು ಅಂಕಿಯನ್ನೂ ಒಟ್ಟಿಗೆ ತೋರಿಸಿ. ಅವನ ಮೇಲೆ ಗೌರವ ಕಡಿಮೆಯಾಗುವುದಿಲ್ಲ. ಬರಿಗಣ್ಣಿನವನು ಎಲ್ಲಿವರೆಗೆ ಹೋಗಬಲ್ಲ ಎಂದು ಗೊತ್ತಾಗುತ್ತದೆ.

ಎರಡು, ಯುರೋಪಿನ ಗೆಲಿಲಿಯೋ ಕಥೆಯನ್ನು ತಂದು ಇಲ್ಲಿಗೆ ಅಂಟಿಸಬೇಡಿ. ಅಲ್ಲೂ ಅದು ಅಷ್ಟು ಸರಳ ಇರಲಿಲ್ಲ. ಕೋಪರ್ನಿಕಸ್ ಚರ್ಚಿನ ನೌಕರಿಯಲ್ಲೇ ಇದ್ದವನು, 1543ರ ಪುಸ್ತಕವನ್ನು ಪೋಪ್ ಮೂರನೇ ಪಾಲ್‌ಗೆ ಅರ್ಪಿಸಿದ. ಕೆಪ್ಲರ್ ಪಾದ್ರಿಯಾಗಲು ಹೊರಟು ಗ್ರಹಗಳ ಲೆಕ್ಕಕ್ಕೆ ಬಿದ್ದವನು. ನಮ್ಮ ಕಡೆ ಗೆಲಿಲಿಯೋ ಮಾದರಿಯ ವಿಚಾರಣೆ ನಡೆಯಲಿಲ್ಲ. ಇಲ್ಲಿ ಅಕ್ಷರ ಬದಲಾಯಿತು, ಮಣೆ ಹಾಕಿದರು, ಹೊಂದಿಸಿಕೊಂಡರು. ಅದಕ್ಕೆ ಅದರದೇ ಆದ ಲಾಭನಷ್ಟ ಇತ್ತು.

ಹೊಂದಿಸಿಕೊಳ್ಳಲು ಒಪ್ಪದ ಒಬ್ಬರ ಹೆಸರು ಹೇಳಲೇಬೇಕು. ಕೇರಳದ ನೀಲಕಂಠ ಸೋಮಯಾಜಿ. 1501ರ ಸುಮಾರಿಗೆ ತಂತ್ರಸಂಗ್ರಹ ಬರೆದವರು. ಹೆಸರೇ ಹೇಳುವಂತೆ ಸೋಮಯಾಗ ಮಾಡಿದವರು, ಅವರಿಗಿಂತ ಶ್ರದ್ಧಾವಂತರನ್ನು ಎಲ್ಲಿ ತರೋಣ? ಸಿದ್ಧಾಂತ ದೇವರೇ ಹೇಳಿಕೊಟ್ಟಿದ್ದು, ಅಂಕಿ ತಿದ್ದಬಾರದು ಎಂದವರಿಗೆ ಜ್ಯೋತಿರ್ಮೀಮಾಂಸೆಯಲ್ಲಿ ಅವರು ಕೊಟ್ಟ ಉತ್ತರದ ತಿರುಳು ಇದು: ದೇವರ ಅನುಗ್ರಹ ಅಂದರೆ ಬುದ್ಧಿ ತಿಳಿಯಾಗುವುದು. ಬ್ರಹ್ಮನೋ ಸೂರ್ಯನೋ ತಾವೇ ಬಂದು ಪಾಠ ಹೇಳುವುದಿಲ್ಲ. ಆಕಾಶ ನೋಡಿ, ಲೆಕ್ಕ ತಪ್ಪಿದರೆ ತಿದ್ದಿ. ನನ್ನ ಟೇಬಲ್ಲಿನ ಗಾಜಿನ ಕೆಳಗೆ ಬರೆದಿಟ್ಟುಕೊಂಡಿರುವುದು ಇದೊಂದೇ.

ಗ್ರಹಣದ ರಾತ್ರಿ

ಅವತ್ತು ಮೋಡ ಬಂದು ಹೋಗುತ್ತಿತ್ತು. ಹನ್ನೊಂದರ ಮುಂಚೆ ಒಮ್ಮೆ ಬಿಡುವು ಸಿಕ್ಕಿತು, ಮುಕ್ಕಾಲು ಚಂದ್ರ ಕಪ್ಪಾಗಿದ್ದ. ಚಂದ್ರಗ್ರಹಣಕ್ಕೆ ಕನ್ನಡಕ ಗಿನ್ನಡಕ ಬೇಡ, ಬರಿಗಣ್ಣು ಸಾಕು. ನೋಡಬೇಕಾದ್ದು ಕತ್ತಲಿನ ಅಂಚನ್ನು. ಪೇಪರಿನಲ್ಲಿ ಒಂದು ಲೋಟ ಬೋರಲು ಹಾಕಿ ಚಂದ್ರನ ದುಂಡು ಬರೆಯಿರಿ. ಆಮೇಲೆ ಕತ್ತಲಿನ ಅಂಚಿಗೆ ಸರಿಹೊಂದುವ ತಟ್ಟೆ ಹುಡುಕಿ. ಸಣ್ಣ ಬಟ್ಟಲಿನ ಅಂಚು ತುಂಬ ಬಾಗು, ಊಟದ ತಟ್ಟೆಯದು ತುಂಬ ಚಪ್ಪಟೆ. ಲೋಟದ ಬಾಯಿಗಿಂತ ಎರಡೂವರೆ ಪಾಲಿಗೆ ಸ್ವಲ್ಪ ಮೇಲಿರುವ ತಟ್ಟೆ ಕೂರುತ್ತದೆ. ನಮ್ಮ ಮನೆಯಲ್ಲಿ ತಿಂಡಿ ತಟ್ಟೆ ಸರಿಹೋಯಿತು. ಭಾಸ್ಕರನ ವಾದ ಇದೇ ಅಂಚಿನ ಮೇಲೆ ನಿಂತಿದೆ: ಅರ್ಧ ಗ್ರಹಣದ ಚಂದ್ರನ ಕೊಂಬು ಮೊಂಡು, ಸೂರ್ಯನ ಕೊಂಬು ಚೂಪು. ಹಾಗಾದರೆ ಚಂದ್ರನನ್ನು ಮುಚ್ಚುವುದು ದೊಡ್ಡದು, ಸೂರ್ಯನನ್ನು ಮುಚ್ಚುವುದು ಚಿಕ್ಕದು. ಎರಡೂ ಒಂದೇ ಬಾಯಿಯ ಕೆಲಸ ಹೇಗಾದೀತು?

ಅತ್ತೆ ಜಪಮಾಲೆ ಹಿಡಿದು ಬಾಗಿಲ ಒಳಗೇ ಕೂತಿದ್ದರು. ಅಂಗಳಕ್ಕೆ ಇಳಿಯಲಿಲ್ಲ. ನಾನೂ ಕರೆಯಲಿಲ್ಲ. ಪುಟ್ಟಿ ಪೇಪರು, ಲೋಟ, ತಟ್ಟೆ ಎಲ್ಲ ಎತ್ತಿಕೊಂಡು ಹೊಸ್ತಿಲ ಹತ್ತಿರ ಹೋಗಿ ತೋರಿಸಿದಳು. ಅತ್ತೆ ಜಪ ನಿಲ್ಲಿಸದೆ ಬಗ್ಗಿ ನೋಡಿದರು. ಮಣಿ ಒಂದು ದಾಟಿದ ಮೇಲೆ, "ಆ ತಟ್ಟೆ ಮೋಕ್ಷ ಆದ್ಮೇಲೆ ತೊಳೆದಿಡು" ಅಂದರು.

ಮುಂದಿನ ಒಳ್ಳೆಯ ಅವಕಾಶ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ: 2028ರ ಡಿಸೆಂಬರ್ 31, ಪೂರ್ಣ ಚಂದ್ರಗ್ರಹಣ. ಚಳಿಗಾಲದ ತಿಳಿ ಆಕಾಶ, ರಾತ್ರಿ ಹತ್ತು ದಾಟಿದ ಮೇಲೆ ಮಧ್ಯಕಾಲ, ಮೋಕ್ಷ ಸುಮಾರು ನಡುರಾತ್ರಿಗೆ. ಊರೆಲ್ಲ ಕೇಕ್ ಕತ್ತರಿಸುವ ಹೊತ್ತಿಗೆ ನಮ್ಮ ಮನೆಯಲ್ಲಿ ಉಪವಾಸ, ಆಮೇಲೆ ಸ್ನಾನ. ಪುಟ್ಟಿಗೆ ಆಗ ಹನ್ನೆರಡು. ತಿಂಡಿ ತಟ್ಟೆಯ ಅಡಿಗೆ ಅವಳು ಈಗಲೇ ಮಾರ್ಕರಿನಲ್ಲಿ "ಭೂಮಿ" ಎಂದು ಬರೆದಿಟ್ಟಿದ್ದಾಳೆ. ತೊಳೆದರೂ ಹೋಗುತ್ತಿಲ್ಲ, ಅತ್ತೆ ಗೊಣಗುತ್ತಿದ್ದಾರೆ.